ಕಣದಲ್ಲಿ ಜೀಪು ಬಿಚ್ಚುವ ಮುನ್ನ

ಬೆಳೆಗಾರ: ಶಾಕಬ್ಸರ್ ನಾಲ್ಕೂ ಬಂತು. ಜೊತೆಗೆ ಉದ್ದದ ಶ್ಯಾಕಲ್ ಒಂದು ಸೆಟ್ ತರಿಸಿದ್ದೇನೆ, ಮುಂದಕ್ಕೂ ಹಿಂದಕ್ಕೂ. ಜೀಪು ಎರಡಿಂಚು ಮೇಲೇಳುತ್ತದಂತೆ. ಕೊಯ್ಲು ಮುಗಿದು ಕಣ ಖಾಲಿ ಬಿದ್ದಿದೆ, ಹೂಮಳೆಯೂ ಆಯ್ತು. ಮುಂಗಾರು ಹಿಡಿಯುವುದರೊಳಗೆ ಮನೆಯಲ್ಲೇ ಕೂರಿಸಿಬಿಡುವ ಅಂತಿದ್ದೇನೆ. ನೀವು ಪಕ್ಕದಲ್ಲಿ ನಿಂತು ಹೇಳಿ, ಕೈ ನಾನು ಹಾಕುತ್ತೇನೆ.

ಮೆಕ್ಯಾನಿಕ್: ಶಾಕಬ್ಸರ್ ಹಾಕುವ, ಅದಕ್ಕೆ ನನ್ನ ತಕರಾರಿಲ್ಲ. ಮನೆಯಲ್ಲೇ ಆಗುವ ಕೆಲಸ ಅದು. ತನ್ನ ಗಾಡಿಯ ಅಡಿಯಲ್ಲಿ ಏನೇನಿದೆ ಅಂತ ತೋಟದವರಿಗೆ ಗೊತ್ತಿದ್ದರೆ ಒಳ್ಳೆಯದೇ. ಆದರೆ ಆ ಶ್ಯಾಕಲ್ಲಿನ ಪೊಟ್ಟಣ ಒಡೆಯಬೇಡಿ. ಒಡೆಯದಿದ್ದರೆ ಅಂಗಡಿಯವರು ವಾಪಸ್ ತೆಗೆದುಕೊಂಡಾರು.

ಬೆಳೆಗಾರ: ನಮ್ಮ ದಾರಿ ನೀವೇ ನೋಡಿದ್ದೀರಿ. ಬಣಕಲ್ಲಿನಲ್ಲಿ ಟಾರು ಬಿಟ್ಟ ಮೇಲೆ ತೋಟದ ಗೇಟಿನ ತನಕ ಚಕ್ರ ಹೋಗುವಲ್ಲಿ ಎರಡು ಓಣಿ, ನಡುವೆ ದಿಬ್ಬ. ವರ್ಷಕ್ಕೆ ನೂರು ಇಂಚು ಮಳೆ ಹೊಯ್ದರೂ ಯಾರೂ ಆಶ್ಚರ್ಯಪಡದ ಜಾಗ. ಮಣ್ಣೆಲ್ಲ ತೊಳೆದುಹೋಗಿ ಕಲ್ಲು ಎದ್ದು ನಿಂತಿರುತ್ತದೆ. ಅಡಿ ತಾಗುತ್ತದೆ. ಎತ್ತರ ಮಾಡದೆ ಇನ್ನೇನು ಮಾಡಲಿ?

ಮೆಕ್ಯಾನಿಕ್: ತಾಗುವುದು ಯಾವುದು, ನೋಡಿದ್ದೀರಾ?

ಬೆಳೆಗಾರ: ಹಿಂದಿನ ಡಿಫರೆನ್ಷಿಯಲ್ ಗುಂಡು. ಪೇಂಟು ಕೆತ್ತಿಹೋಗಿ ಕಬ್ಬಿಣ ಹೊಳೆಯುತ್ತಿದೆ.

ಮೆಕ್ಯಾನಿಕ್: ಆ ಗುಂಡು ಆಕ್ಸಲಿನದು. ಆಕ್ಸಲ್ ಕೂತಿರುವುದು ಚಕ್ರದ ಮೇಲೆ. ಶ್ಯಾಕಲ್ ಇರುವುದು ಸ್ಪ್ರಿಂಗಿನ ಪ್ಲೇಟಿಗೂ ಚಾಸಿಗೂ ನಡುವೆ. ನೀವು ಶ್ಯಾಕಲ್ ಉದ್ದ ಮಾಡಿದಿರಿ ಅನ್ನಿ. ಚಾಸಿ ಮೇಲೆ ಹೋಗುತ್ತದೆ, ಬಾಡಿ ಮೇಲೆ ಹೋಗುತ್ತದೆ, ಸೀಟು ಮೇಲೆ ಹೋಗುತ್ತದೆ. ಗುಂಡು ಇದ್ದಲ್ಲೇ ಇರುತ್ತದೆ, ಅದೇ ಕಲ್ಲಿಗೆ ಅದೇ ಜಾಗದಲ್ಲಿ ತಾಗುತ್ತದೆ. ಅದನ್ನು ಮೇಲೆತ್ತಬೇಕಾದರೆ ಟಯರೇ ದೊಡ್ಡದಾಗಬೇಕು. ಇನ್ನು ಆ ಎರಡಿಂಚಿನ ಲೆಕ್ಕ. ಶ್ಯಾಕಲ್ ಇರುವುದು ಪ್ಲೇಟ್ ಸೆಟ್ಟಿನ ಒಂದು ತುದಿಗೆ ಮಾತ್ರ, ಇನ್ನೊಂದು ತುದಿ ಪಿನ್ನಿನಲ್ಲಿ ಚಾಸಿಗೆ ನೇರ ಕೂತಿದೆ. ಒಂದು ತುದಿ ಎರಡಿಂಚು ಕೆಳಗಿಳಿದರೆ ನಡುವೆ ಇರುವ ಆಕ್ಸಲಿನ ಹತ್ತಿರ ಸಿಗುವುದು ಸುಮಾರು ಒಂದು ಇಂಚು. ಎರಡಿಂಚು ಬೇಕು ಅಂದರೆ ಶ್ಯಾಕಲ್ ನಾಲ್ಕಿಂಚು ಉದ್ದವಾಗಬೇಕು. ಅಷ್ಟುದ್ದದ ಶ್ಯಾಕಲ್ ಮೇಲೆ ಜೀಪು ಪಕ್ಕಕ್ಕೆ ವಾಲಾಡುತ್ತದೆ.

ಬೆಳೆಗಾರ: ಒಂದು ಇಂಚಾದರೂ ಸಿಕ್ಕಿತಲ್ಲ. ಕೆಡುಕೇನು ಅದರಲ್ಲಿ?

ಮೆಕ್ಯಾನಿಕ್: ಮುಂದಿನಿಂದ ಹೇಳುತ್ತೇನೆ. ಮುಂದಿನ ಶ್ಯಾಕಲ್ ಉದ್ದವಾದರೆ ಪ್ಲೇಟಿನ ಜೊತೆ ಆಕ್ಸಲೂ ಸ್ವಲ್ಪ ತಿರುಗಿ ಕೂರುತ್ತದೆ. ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿ ನಿಂತಿರುವ ಒಂದು ಕೋನ ಇದೆ, ಕ್ಯಾಸ್ಟರ್ ಅನ್ನುತ್ತೇವೆ. ತಿರುವಿನಿಂದ ಹೊರಬಂದಾಗ ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದು ಅದರಿಂದ. ಆ ಕೋನ ಕಡಿಮೆಯಾದರೆ ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ಹುಡುಕುತ್ತ ಹೋಗುತ್ತದೆ. ಹಿಂದೆ ಬಂದರೆ ಪ್ರೊಪೆಲರ್ ಶಾಫ್ಟಿನ ಓರೆ ಹೆಚ್ಚಾಗಿ ಕ್ರಾಸು ಬೇಗ ಸವೆಯುತ್ತದೆ, ನಡುಕ ಶುರುವಾಗುತ್ತದೆ. ಚಾಸಿಯಿಂದ ಆಕ್ಸಲಿಗೆ ಬರುವ ಬ್ರೇಕಿನ ರಬ್ಬರ್ ಪೈಪು ಮೊದಲಿನಷ್ಟೇ ಉದ್ದ ಇರುತ್ತದೆ. ಚಕ್ರ ಹಳ್ಳಕ್ಕೆ ಇಳಿದು ಆಕ್ಸಲ್ ಪೂರ್ತಿ ಜೋತುಬಿದ್ದಾಗ ಅದು ಬಿಗಿಯುತ್ತದೆ. ಒಂದು ಸಲ ತಡೆಯುತ್ತದೆ, ಹತ್ತು ಸಲ ತಡೆಯುತ್ತದೆ, ಒಂದು ದಿನ ಬೇರಿನ ಹತ್ತಿರ ಬಿರುಕು ಬಿಡುತ್ತದೆ. ಆ ದಿನ ನೀವು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತಿದ್ದರೆ? ಮಂಜಿನಲ್ಲಿ, ಎದುರಿಂದ ಬಸ್ಸು ಬರುವ ತಿರುವಿನಲ್ಲಿ?

ಬೆಳೆಗಾರ: ಆದರೆ ಚಿಕ್ಕಮಗಳೂರಿನ ತೋಟಗಳಲ್ಲಿ ರ‍್ಯಾಲಿ ನಡೆಯುತ್ತದಲ್ಲ. 2016ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೇ ಬಂದಿತ್ತು. ಆ ಕಾರುಗಳು ನಮ್ಮಂಥದೇ ಕೆಮ್ಮಣ್ಣಿನ ದಾರಿಯಲ್ಲಿ ಹಾರಿಕೊಂಡು ಹೋದವು. ಅವುಗಳಲ್ಲಿ ಕಂಪನಿಯ ಸಸ್ಪೆನ್ಷನ್ ಹಾಗೇ ಇರುವುದಿಲ್ಲವಲ್ಲ.

ಮೆಕ್ಯಾನಿಕ್: ಇರುವುದಿಲ್ಲ, ನಿಜ. ಅವರದು ಒಂದು ಭಾಗ ಬದಲಿಸಿ ಉಳಿದದ್ದನ್ನು ಹಾಗೇ ಬಿಡುವ ಕೆಲಸವೂ ಅಲ್ಲ. ಸ್ಪ್ರಿಂಗು, ಶಾಕು, ಕೈಗಳು, ಬ್ರೇಕು ಎಲ್ಲ ಒಟ್ಟಿಗೆ ಲೆಕ್ಕ ಹಾಕಿ ಕಟ್ಟಿದ್ದು. ಓಟಕ್ಕೆ ಮುಂಚೆ ಪರೀಕ್ಷೆ, ಕೆಲವು ಸ್ಟೇಜು ಮುಗಿದ ಕೂಡಲೇ ಸರ್ವೀಸು. ಒಳಗೆ ಕೂರುವವರು ಇಬ್ಬರೇ, ಹೆಲ್ಮೆಟ್ ಹಾಕಿ, ರೋಲ್ ಕೇಜಿನ ಒಳಗೆ, ಹಲವು ಕಡೆ ಬೆಲ್ಟು ಬಿಗಿದುಕೊಂಡು. ನಿಮ್ಮ ಜೀಪಿನ ಹಿಂದೆ ಕೂರುವವರಿಗೆ ಏನಿದೆ? ಹಿಡಿದುಕೊಳ್ಳಲು ಒಂದು ಪೈಪು.

ಬೆಳೆಗಾರ: ಕಾನೂನಿನ ತೊಂದರೆಯೂ ಇದೆ ಅಂತ ಯಾರೋ ಹೇಳಿದ್ದರು.

ಮೆಕ್ಯಾನಿಕ್: ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸವೆದ ಶಾಕಬ್ಸರ್ ತೆಗೆದು ಅದೇ ಅಳತೆಯದು ಹಾಕುವುದು ರಿಪೇರಿ, ಅದು ಬೇರೆ ಯಾವ ಬ್ರ್ಯಾಂಡಿನದಾದರೂ ಸರಿ. ಗಾಡಿಯ ಎತ್ತರ ಬದಲಿಸುವುದು ರಿಪೇರಿಯಲ್ಲ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ಕೇಳುವ ಪ್ರಶ್ನೆಯೂ ಅದೇ.

ಬೆಳೆಗಾರ: ಸರಿ, ಶ್ಯಾಕಲ್ ಬಿಟ್ಟೆ. ಅಡಿ ತಾಗುವುದಕ್ಕೆ ಮದ್ದು?

ಮೆಕ್ಯಾನಿಕ್: ದಾರಿಗೆ ನಾಲ್ಕು ಲೋಡು ಜಲ್ಲಿ ಹಾಕಿಸಿ, ನಡುವಿನ ದಿಬ್ಬ ಕಡಿಸಿ, ನೀರು ಪಕ್ಕಕ್ಕೆ ಹೋಗುವ ಹಾಗೆ ಚರಂಡಿ ಬಿಡಿಸಿ. ಡಿಫರೆನ್ಷಿಯಲ್ ಗುಂಡು ತಾಗುವುದಕ್ಕೆ ಅದೇ ಮದ್ದು. ಅದು ಬಿಟ್ಟು ಚಾಸಿ ಬಂದು ಆಕ್ಸಲಿಗೆ ದಡ್ ಅಂತ ಬಡಿಯುತ್ತದಲ್ಲ, ನೀವು ಅದನ್ನೂ ಅಡಿ ತಾಗಿತು ಅಂತಲೇ ತಿಳಿದಿದ್ದೀರಿ. ಅದು ಬೇರೆ. ಆಕ್ಸಲಿನ ಮೇಲ್ಗಡೆ ಚಾಸಿಗೆ ಒಂದು ರಬ್ಬರಿನ ಮುದ್ದೆ ಇದೆ, ಬಂಪ್ ಸ್ಟಾಪು. ನಿಮ್ಮದು ಸೀಳಿಹೋಗಿದೆ. ಪ್ಲೇಟು ಕುಸಿದಿದೆ, ಶಾಕು ಸತ್ತಿದೆ, ಅದಕ್ಕೇ ಪ್ರತಿ ಗುಂಡಿಯಲ್ಲೂ ಆ ಮುದ್ದೆಗೆ ಏಟು ಬೀಳುತ್ತಿದೆ. ಎರಡೂ ಕಡೆ ಮುದ್ದೆಗೂ ಆಕ್ಸಲಿಗೂ ನಡುವಿನ ಅಂತರ ಟೇಪು ಹಿಡಿದು ಅಳೆಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ಕುಸಿದ ಪ್ಲೇಟು ಯಾವ ಕಡೆಯದು ಅಂತ ಅಲ್ಲೇ ಗೊತ್ತಾಗುತ್ತದೆ.

ಬೆಳೆಗಾರ: ಪ್ಲೇಟನ್ನು ಬಾಗಿಸಿ ಕೊಡುತ್ತಾರಲ್ಲ?

ಮೆಕ್ಯಾನಿಕ್: ಕೊಡುತ್ತಾರೆ. ಗ್ಯಾಸಿನ ಬೆಂಕಿ ಹಿಡಿದು ಕೆಂಪು ಮಾಡಿ ಬಾಗಿಸುವವರಿಗೆ ಮಾತ್ರ ಕೊಡಬೇಡಿ. ಸ್ಪ್ರಿಂಗಿನ ಉಕ್ಕಿಗೆ ಹದ ಬರುವುದೇ ಲೆಕ್ಕದ ಬಿಸಿಯಲ್ಲಿ, ಲೆಕ್ಕದ ತಣಿಸುವಿಕೆಯಲ್ಲಿ. ಹಾಗೆ ಕಾಯಿಸಿ ಬಿಟ್ಟರೆ ಹದ ಹೋಗುತ್ತದೆ. ಆಮೇಲೆ ಅದು ಮತ್ತೆ ಕುಸಿಯುತ್ತದೆ, ಇಲ್ಲವೇ ಮೈನ್ ಪ್ಲೇಟು ಕಟ್ಟಾಗುತ್ತದೆ. ಕುಸಿತ ಜಾಸ್ತಿ ಇದ್ದರೆ ಹೊಸ ಸೆಟ್ಟೇ ಹಾಕುವುದು ಮೇಲು.

ಬೆಳೆಗಾರ: ಶಾಕು ಸತ್ತಿದೆ ಅಂತ ಅಷ್ಟು ಖಚಿತವಾಗಿ ಹೇಳುತ್ತೀರಿ. ನಾನು ಬಂಪರಿನ ಮೇಲೆ ನಿಂತು ಒತ್ತಿ ನೋಡಿದೆ. ಒಂದೇ ಸಲ ಮೇಲೆದ್ದು ನಿಂತಿತು. ಕಾರಿನವರು ಹಾಗೆ ನಿಂತರೆ ಶಾಕು ಚೆನ್ನಾಗಿದೆ ಅನ್ನುತ್ತಾರೆ.

ಮೆಕ್ಯಾನಿಕ್: ಕಾರಿಗೆ ಆ ಪರೀಕ್ಷೆ ಸರಿ. ಪ್ಲೇಟಿನ ಗಾಡಿಗೆ ಅದನ್ನು ನಂಬಬೇಡಿ. ಪ್ಲೇಟಿನ ಸ್ಪ್ರಿಂಗು ಕುದುರೆಗಾಡಿಯ ಕಾಲದ್ದು, ಲಂಡನ್ನಿನ ಒಬಡಾಯ ಎಲಿಯಟ್ ಎಂಬಾತ 1804ರಲ್ಲಿ ಸಾರೋಟಿಗೆ ಅಂಥದಕ್ಕೆ ಪೇಟೆಂಟು ಪಡೆದ. ಆ ಗಾಡಿಗಳಿಗೆ ಶಾಕಬ್ಸರೇ ಇರಲಿಲ್ಲ, ಆದರೂ ನಡೆಯಿತು. ಯಾಕೆ ಅಂದರೆ ಪ್ಲೇಟಿನ ಮೇಲೆ ಪ್ಲೇಟು ಉಜ್ಜಿ ಆ ಉಜ್ಜುವಿಕೆಯೇ ಕುಣಿತ ತಡೆಯುತ್ತದೆ. ನಿಮ್ಮ ಜೀಪಿನಲ್ಲಿ ಪ್ಲೇಟುಗಳ ನಡುವೆ ಕೆಸರು ಹೋಗಿ, ಕಳಸದ ಹತ್ತಿರ ಹೆಬ್ಬಾಳೆ ಸೇತುವೆಯಲ್ಲಿ ಭದ್ರೆಯ ನೀರಲ್ಲೂ ಇಳಿದು ಬಂದು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ಒತ್ತಿದರೆ ಕುಣಿಯುವುದೇ ಇಲ್ಲ. ಅದು ಶಾಕಿನ ಗುಣವಲ್ಲ, ತುಕ್ಕಿನದು. ಶಾಕು ನೋಡಬೇಕಾದರೆ ಮೊದಲು ಅದರ ಮೈ ನೋಡಿ. ಎಣ್ಣೆ ಇಳಿದು ಧೂಳು ಅಂಟಿ ಕಪ್ಪಾಗಿದ್ದರೆ ಸೀಲು ಹೋಗಿದೆ. ಆಮೇಲೆ ಕೆಳಗಿನ ತುದಿ ಬಿಚ್ಚಿ ಕೈಯಲ್ಲಿ ಎಳೆದು, ಒತ್ತಿ ನೋಡಿ. ಎರಡು ಕಡೆಗೂ ಉದ್ದಕ್ಕೂ ಎಡೆಬಿಡದೆ ತಡೆಯಬೇಕು, ಎಳೆಯುವಾಗ ಇನ್ನೂ ಸ್ವಲ್ಪ ಬಿಗಿ. ನಡುವೆ ಎಲ್ಲಾದರೂ ಕೈ ತಪ್ಪಿದ ಹಾಗೆ ಸಡಿಲವಾದರೆ ಅದು ಮುಗಿಯಿತು.

ಬೆಳೆಗಾರ: ಒಳಗೆ ಇರುವುದು ಬರೀ ಎಣ್ಣೆಯೇ?

ಮೆಕ್ಯಾನಿಕ್: ಎಣ್ಣೆ, ಪಿಸ್ಟನ್ನು, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ತೂತಿಗೆ ಮುಚ್ಚಳದ ಹಾಗೆ ತೆಳುವಾದ ವಾಲ್ವು. ಸ್ಪ್ರಿಂಗು ಏಟು ತಿಂದು ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ವಾಪಸ್ಸು ಕೊಡದೆ ಅದಕ್ಕೆ ಬೇರೆ ದಾರಿಯಿಲ್ಲ. ಉಯ್ಯಾಲೆ ತಳ್ಳಿ ಬಿಟ್ಟ ಹಾಗೆ ಅದು ತೂಗುತ್ತಲೇ ಇರುತ್ತದೆ. ಆ ಶಕ್ತಿಯನ್ನು ತಿಂದು ಮುಗಿಸಬೇಕಾದದ್ದು ಶಾಕು. ಎಣ್ಣೆ ಆ ತೂತಿನಲ್ಲಿ ನುಸುಳುವಾಗ ಬಿಸಿಯಾಗುತ್ತದೆ, ಬಿಸಿ ಗಾಳಿಗೆ ಹೋಗುತ್ತದೆ. ತೋಟದ ದಾರಿಯಲ್ಲಿ ಒಂದು ಗಂಟೆ ಓಡಿ ಬಂದು ಶಾಕಿನ ಹತ್ತಿರ ಕೈ ತಂದು ನೋಡಿ, ಕೆಲಸ ಮಾಡುವ ಶಾಕು ಬೆಚ್ಚಗಿರುತ್ತದೆ. ತಣ್ಣಗಿದ್ದರೆ ಅದು ಸುಮ್ಮನೆ ನೇತಾಡುತ್ತಿದೆ ಅಂತ ಅರ್ಥ.

ಬೆಳೆಗಾರ: ನಾನು ತರಿಸಿದ್ದು ಗ್ಯಾಸಿನದು. ಅಂಗಡಿಯಲ್ಲಿ ಎರಡು ಬಗೆ ಇತ್ತು, ಟ್ವಿನ್ ಟ್ಯೂಬು, ಮಾನೋ ಟ್ಯೂಬು. ಮಾನೋ ದುಬಾರಿ ಅಂತ ಟ್ವಿನ್ ತಂದೆ. ಮಾನೋವನ್ನೇ ತರಬೇಕಿತ್ತೇನೋ.

ಮೆಕ್ಯಾನಿಕ್: ನಿಮ್ಮ ದಾರಿಗೆ ಟ್ವಿನ್ನೇ ಸರಿ. ಮಾನೋದಲ್ಲಿ ಪಿಸ್ಟನ್ನು ಓಡುವ ನಳಿಗೆಯೇ ಹೊರಗಿನ ಗೋಡೆ. ಬಿಸಿ ಬೇಗ ಹೋಗುತ್ತದೆ, ಎಣ್ಣೆ ನೊರೆ ಬರುವುದು ಕಡಿಮೆ, ರ‍್ಯಾಲಿಯವರು ಅದನ್ನು ಇಷ್ಟಪಡುವುದು ಅದಕ್ಕೇ. ಆದರೆ ಟಯರು ಸಿಡಿಸಿದ ಒಂದು ಕಲ್ಲು ಬಂದು ಬಡಿದು ಗೋಡೆ ನೆಗ್ಗಿತೋ, ಪಿಸ್ಟನ್ನು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್ನಿಗೆ ಎರಡು ಗೋಡೆ. ಹೊರಗಿನದು ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತದೆ. ಅದರಲ್ಲೂ ಸಾರಜನಕ ಅನಿಲ ತುಂಬಿರುವುದರಿಂದ ನೊರೆಗೆ ಅಷ್ಟು ಭಯವಿಲ್ಲ. ಜಾಹೀರಾತು ನೋಡಿ ಭಾಗ ಕೊಳ್ಳುವವರಿಗೆ ಇದನ್ನೇ ಹೇಳುವುದು ನಾನು: ಮೊದಲು ನಿಮ್ಮ ದಾರಿಯ ಕಲ್ಲು ನೋಡಿ, ಆಮೇಲೆ ಪೊಟ್ಟಣದ ಮೇಲಿನ ಬರಹ ನೋಡಿ.

ಕೆಲಸದಾಕೆ: ಅಣ್ಣಾ, ನಾನೊಂದು ಮಾತು ಕೇಳಲಾ? ಮರಗಸಿಯವರಿಗೆ ಕಾಫಿ ಕೊಡಲಿಕ್ಕೆ ಬಂದೆ, ಇಷ್ಟು ಹೊತ್ತು ನಿಮ್ಮ ಮಾತು ಕೇಳುತ್ತಿದ್ದೆ. ಈ ಜೀಪು ಇನ್ನೂ ಎತ್ತರ ಆಗುತ್ತದಾ?

ಬೆಳೆಗಾರ: ಮಾಡುವ ಅಂತಿತ್ತು. ಈಗ ಇಲ್ಲ. ಯಾಕೆ?

ಕೆಲಸದಾಕೆ: ಈಗಲೇ ಹತ್ತುವಾಗ ಒಬ್ಬರು ಮೇಲಿಂದ ಕೈ ಎಳೆಯಬೇಕು, ಇನ್ನೊಬ್ಬರು ಕೆಳಗಿಂದ ದೂಡಬೇಕು. ಮಳೆಯಲ್ಲಿ ಗೊರಬು ಹೊದ್ದು, ಕಾಲಿಗೆ ಕೆಸರು ಮೆತ್ತಿಕೊಂಡು ಆ ಕಬ್ಬಿಣದ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ಅಂತ ಮುಂದಿನ ಸೀಟಿನವರಿಗೆ ಗೊತ್ತಾಗುವುದಿಲ್ಲ. ಕುಲುಕಾಟ ಮುಂದೆ ಕೂತವರಿಗೆ ಅರ್ಧವೂ ಇಲ್ಲ. ನಾವು ಕೂರುವುದು ಸರೀ ಚಕ್ರದ ಮೇಲೆ, ಅಡ್ಡ ಬೆಂಚಿನಲ್ಲಿ. ಗುಂಡಿ ಬಂದಾಗ ಬೆಂಚು ಬಿಟ್ಟು ಮೇಲೆ ಹೋಗುತ್ತೇವೆ, ಬರುವಾಗ ಸೊಂಟದ ಮೇಲೆ ಬರುತ್ತೇವೆ. ಮೊನ್ನೆ ಕೊಯ್ಲಿನಲ್ಲಿ ಒಬ್ಬಳಿಗೆ ಮೇಲಿನ ಪೈಪು ಬಡಿದು ಹಣೆ ಒಡೆಯಿತು. ಬಸುರಿ ಹೆಂಗಸರು ಜೀಪು ಬೇಡ ಅಂತ ಅಷ್ಟು ದೂರ ನಡೆದೇ ಬಂದರು. ಅಸ್ಸಾಮಿನಿಂದ ಬಂದ ಹುಡುಗರು ಕೂರಲಿಕ್ಕೇ ಹೋಗುವುದಿಲ್ಲ, ನಿಂತುಕೊಂಡು ಮೊಣಕಾಲು ಮಡಿಸಿ ಏಟು ತಡೆಯುತ್ತಾರೆ. ನೀವು ಹಾಕುವ ಸಾಮಾನು ನಮ್ಮ ಕಡೆಗೂ ಏನಾದರೂ ಮಾಡುತ್ತದಾ, ಇಲ್ಲ ಮುಂದಿನವರಿಗೆ ಮಾತ್ರವಾ?

ಮೆಕ್ಯಾನಿಕ್: ನಿಮ್ಮ ಕಡೆಗೇ ಹೆಚ್ಚು ಮಾಡಬೇಕು, ಅಕ್ಕ. ಹಿಂದಿನ ಎರಡು ಶಾಕು ಇರುವುದು ನೀವು ಕೂರುವ ಬೆಂಚಿನ ಕೆಳಗೇ. ನೀವು ಬೆಂಚು ಬಿಟ್ಟು ಮೇಲೆ ಹೋಗುತ್ತೇವೆ ಅಂದಿರಲ್ಲ, ಸ್ಪ್ರಿಂಗು ವಾಪಸ್ಸು ಒದೆಯುವುದನ್ನು ತಡೆಯುವವರು ಯಾರೂ ಇಲ್ಲದ್ದಕ್ಕೆ ಹಾಗಾಗುವುದು. ಅದೇ ಹೊತ್ತಿಗೆ ಟಯರು ಕೂಡ ನೆಲ ಬಿಟ್ಟಿರುತ್ತದೆ. ನೆಲ ಬಿಟ್ಟ ಟಯರಿಗೆ ಬ್ರೇಕು ಹಿಡಿದು ಏನು ಪ್ರಯೋಜನ? ನಾನು ಶಾಕಬ್ಸರನ್ನು ಬ್ರೇಕಿನ ಸಾಮಾನು ಅಂತಲೇ ಲೆಕ್ಕ ಹಾಕುತ್ತೇನೆ. ಸುಖಕ್ಕೆ ಹಾಕುವ ಭಾಗ ಅಂತ ತಿಳಿದವರು ಸವೆದರೂ ಬಿಟ್ಟಿರುತ್ತಾರೆ.

ಬೆಳೆಗಾರ: ಪ್ಲೇಟು ಒಂದೆರಡು ಹೆಚ್ಚಿಗೆ ಹಾಕಿಸಿದ್ದೆವು, ಅಪ್ಪನ ಕಾಲದಲ್ಲಿ. ಚೀಲ ಹೇರುವಾಗ ಕೂರುತ್ತದೆ ಅಂತ. ಅದರಿಂದಲೂ ಏಟು ಹೆಚ್ಚಾಯಿತಾ?

ಮೆಕ್ಯಾನಿಕ್: ಖಂಡಿತ. 50 ಕಿಲೋದ ಕಾಫಿ ಚೀಲ ಹತ್ತು ಹೇರಿದರೆ ಅರ್ಧ ಟನ್ನು. ಆ ಭಾರಕ್ಕೆ ಹೆಚ್ಚಿನ ಪ್ಲೇಟು ಸರಿ ಅನಿಸುತ್ತದೆ. ಆದರೆ ಜೀಪು ವರ್ಷದಲ್ಲಿ ಎಷ್ಟು ದಿನ ಚೀಲ ಹೊರುತ್ತದೆ, ಎಷ್ಟು ದಿನ ಜನ ಹೊರುತ್ತದೆ? ಜನ ಕೂತ ದಿನ ಆ ಪ್ಲೇಟು ಬಾಗುವುದೇ ಇಲ್ಲ, ಏಟು ನೇರ ಬೆನ್ನುಹುರಿಗೆ. ಅವನ್ನು ತೆಗೆಯುವ. ಚೀಲಕ್ಕೆ ಟ್ರ್ಯಾಕ್ಟರು ಬಳಸಿ. ಉಳಿದ ಪ್ಲೇಟು ಬಿಡಿಸಿ, ತಂತಿ ಬ್ರಶ್ಶಿನಲ್ಲಿ ತುಕ್ಕು ಉಜ್ಜಿ, ನಡುವೆ ಗ್ರಾಫೈಟು ಗ್ರೀಸು ಹಚ್ಚಿ ಕೂರಿಸುವ. ಕೊನೆಯ ರಬ್ಬರ್ ಬುಶ್ಶಿಗೆ ಮಾತ್ರ ಗ್ರೀಸು ತಾಗಬಾರದು, ರಬ್ಬರು ಉಬ್ಬಿ ಹಾಳಾಗುತ್ತದೆ. ಇನ್ನೊಂದು ಗೊತ್ತಿರಲಿ. ಉಜ್ಜುವಿಕೆ ಕಡಿಮೆಯಾದ ಮೇಲೆ ಇಷ್ಟು ದಿನ ತುಕ್ಕು ಮಾಡುತ್ತಿದ್ದ ಕೆಲಸವೂ ಶಾಕಿನ ಮೇಲೇ ಬೀಳುತ್ತದೆ. ಆದ್ದರಿಂದ ಪ್ಲೇಟಿನ ಕೆಲಸ ಮಾಡಿ ಹಳೇ ಶಾಕು ಬಿಡುವ ಹಾಗಿಲ್ಲ.

ಬೆಳೆಗಾರ: ಹಾಗಾದರೆ ಕೆಲಸ ಎಲ್ಲಿಂದ ಶುರು ಮಾಡಲಿ?

ಮೆಕ್ಯಾನಿಕ್: ಹಿಂದಿನ ದಿನ ಸಂಜೆಯೇ ಶುರು. ಶಾಕಿನ ಎಂಟು ತುದಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಡಿ. ನಮ್ಮ ಕಡೆ ಒಂದು ಮಳೆಗಾಲ ಕಂಡ ನಟ್ಟು ಸುಮ್ಮನೆ ಬಿಡುವುದಿಲ್ಲ. ಬೆಳಿಗ್ಗೆ ಜೀಪು ಕಣಕ್ಕೆ ತನ್ನಿ. ಸಿಮೆಂಟಿನ ಕಣದಷ್ಟು ಸಮತಟ್ಟು ಜಾಗ ತೋಟದಲ್ಲಿ ಬೇರೆ ಸಿಗುವುದಿಲ್ಲ. ಚಕ್ರಕ್ಕೆ ಮುಂದೆ ಹಿಂದೆ ಮರದ ಅಡೆ ಕೊಡಿ. ಶಾಕು ಬದಲಿಸಲು ಜಾಕಿ ಏರಿಸುವುದೇ ಬೇಡ. ಈ ಜೀಪಿನ ಅಡಿ ಮನುಷ್ಯ ಮಲಗಿ ಹೋಗುವಷ್ಟು ಎತ್ತರ ಇದೆ. ನಾಲ್ಕೂ ಚಕ್ರ ನೆಲದಲ್ಲಿದ್ದಾಗಲೇ ಕೆಲಸ ಮುಗಿಯುತ್ತದೆ. ಪ್ಲೇಟಿನ ಗಾಡಿಯಲ್ಲಿ ಶಾಕು ಬಿಚ್ಚಿದರೂ ಆಕ್ಸಲ್ ಬೀಳುವುದಿಲ್ಲ, ಪ್ಲೇಟು ಹಿಡಿದಿರುತ್ತದೆ. ಮನೆಯಲ್ಲಿ ಮಾಡಬಹುದು ಅಂತ ನಾನು ಧೈರ್ಯವಾಗಿ ಹೇಳುವುದು ಅದಕ್ಕೇ.

ಬೆಳೆಗಾರ: ನಮ್ಮ ಆಲ್ಟೋಗೂ ಹೀಗೇ ಮಾಡಬಹುದಾ?

ಮೆಕ್ಯಾನಿಕ್: ಅದರ ಮುಂದಿನದಕ್ಕೆ ಕೈ ಹಾಕಬೇಡಿ. ಅಲ್ಲಿ ಶಾಕಿನ ಸುತ್ತಲೇ ಸುರುಳಿ ಸ್ಪ್ರಿಂಗು ಒತ್ತಿ ಕೂರಿಸಿರುತ್ತಾರೆ. ಮೇಲಿನ ನಟ್ಟು ಬಿಚ್ಚಿದ ಗಳಿಗೆಗೆ ಅದು ಸಿಡಿದರೆ ಮುಖ ಉಳಿಯುವುದಿಲ್ಲ. ಅದನ್ನು ಒತ್ತಿ ಹಿಡಿಯುವ ಸರಿಯಾದ ಉಪಕರಣ ಬೇಕು, ಆಮೇಲೆ ಅಲೈನ್‌ಮೆಂಟೂ ನೋಡಿಸಬೇಕು. ಅದು ವರ್ಕ್‌ಶಾಪಿನ ಕೆಲಸ. 2010ರಲ್ಲಿ ಬಂದ ಥಾರ್ ಇದೆಯಲ್ಲ, ಅದರ ಮುಂದೆ ಟಾರ್ಷನ್ ಬಾರು. ಒಂದು ಬೋಲ್ಟು ತಿರುಗಿಸಿದರೆ ಮೂತಿ ಎತ್ತರವಾಗುತ್ತದೆ ಅಂತ ಹುಡುಗರು ತಿರುಗಿಸುತ್ತಾರೆ. ಚಕ್ರ ಕೆಳಗಿಳಿಯುವ ಓಟ ಅಷ್ಟೂ ಕಡಿಮೆಯಾಗಿ ಗಾಡಿ ಇನ್ನಷ್ಟು ಕುಕ್ಕುತ್ತದೆ, ಆಕ್ಸಲಿನ ಕೀಲಿಗೂ ಓರೆ ಹೆಚ್ಚುತ್ತದೆ.

ಬೆಳೆಗಾರ: ಸರಿ. ಹಳೆಯದು ಬಿಚ್ಚಿದೆ ಅನ್ನಿ. ಮುಂದೆ?

ಮೆಕ್ಯಾನಿಕ್: ಬಿಚ್ಚಿದ್ದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಅಳೆಯಿರಿ. ಪೂರ್ತಿ ಎಳೆದಾಗ ಎಷ್ಟುದ್ದ, ಪೂರ್ತಿ ಒತ್ತಿದಾಗ ಎಷ್ಟುದ್ದ. ಒತ್ತಿದಾಗ ಹೊಸದು ಹಳೆಯದಕ್ಕಿಂತ ಉದ್ದ ಉಳಿದರೆ ಹಾಕಲೇಬೇಡಿ. ಗುಂಡಿಯಲ್ಲಿ ಬಂಪ್ ಸ್ಟಾಪಿಗಿಂತ ಮುಂಚೆ ಶಾಕೇ ತಳ ಮುಟ್ಟಿ, ಅದನ್ನು ಹಿಡಿದ ಬ್ರಾಕೆಟ್ಟು ಚಾಸಿಯಿಂದ ಕಿತ್ತು ಬರುತ್ತದೆ. ಅಳತೆ ಕೂಡಿತು ಅಂದರೆ ಶಾಕನ್ನು ಮೇಲ್ಮುಖವಾಗಿ ನೇರ ಹಿಡಿದು ನಾಲ್ಕೈದು ಸಲ ಒತ್ತಿ ಎಳೆಯಿರಿ. ಪೆಟ್ಟಿಗೆಯಲ್ಲಿ ಅಡ್ಡ ಮಲಗಿ ಬಂದದ್ದರಿಂದ ಒಳಗಿನ ನಳಿಗೆಗೆ ಗಾಳಿ ಸೇರಿರುತ್ತದೆ, ಅದು ಹೊರಗೆ ಹೋಗಬೇಕು. ಟ್ವಿನ್ ಟ್ಯೂಬನ್ನು ತಲೆಕೆಳಗಾಗಿಯೂ ಹಾಕಬಾರದು, ಎಣ್ಣೆಯ ಬದಲು ಗಾಳಿ ಎಳೆದುಕೊಳ್ಳುತ್ತದೆ.

ಬೆಳೆಗಾರ: ಗ್ಯಾಸಿನದು ತಾನಾಗಿ ಉದ್ದವಾಗುತ್ತದಲ್ಲ, ಕೂರಿಸುವುದು ಹೇಗೆ?

ಮೆಕ್ಯಾನಿಕ್: ಪಟ್ಟಿ ಕಟ್ಟಿ ಕಳಿಸಿರುತ್ತಾರೆ, ಮೇಲಿನ ತುದಿ ಕೂರಿಸುವ ತನಕ ಕತ್ತರಿಸಬೇಡಿ. ಗಾಳಿ ತೆಗೆಯಲು ಬಿಚ್ಚಿದ್ದರೆ ಇಬ್ಬರು ಸೇರಿ ಒತ್ತಿ ಹಿಡಿದು ಕೆಳಗಿನ ಕಣ್ಣನ್ನು ಪಿನ್ನಿಗೆ ತನ್ನಿ. ರಬ್ಬರು, ವಾಷರು ಮೊದಲು ಇದ್ದ ಕ್ರಮದಲ್ಲೇ. ನಟ್ಟು ಕೊನೆಯ ಬಿಗಿ ಕೊಡುವಾಗ ಗಾಡಿ ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಿರಬೇಕು. ಎತ್ತಿ ನೇತುಹಾಕಿದ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ತಿರುಚಿಕೊಂಡೇ ಕೂರುತ್ತದೆ. ಆಮೇಲೆ ಜೀವನವಿಡೀ ತಿರುಚಿಕೊಂಡೇ ಕೆಲಸ ಮಾಡಿ ಒಂದು ವರ್ಷಕ್ಕೆ ಹರಿಯುತ್ತದೆ. ಒಂದು ಆಕ್ಸಲಿಗೆ ಎರಡೂ ಒಟ್ಟಿಗೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದು ಇದ್ದರೆ ಬ್ರೇಕು ಹಿಡಿದಾಗ ಗಾಡಿ ಓರೆ ಎಳೆಯುತ್ತದೆ.

ಬೆಳೆಗಾರ: ಪ್ಲೇಟು ಇಳಿಸಲು ಜಾಕಿ ಬೇಕಲ್ಲ?

ಮೆಕ್ಯಾನಿಕ್: ಬೇಕು. ಅದಕ್ಕೆ ನಾನೂ ಬರುತ್ತೇನೆ, ಒಬ್ಬರೇ ಮಾಡಬೇಡಿ. ಹಳೆಯ ಜೀಪುಗಳಲ್ಲಿ ಒಂದು ಗುಣ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಹಲವು ಮಾಡೆಲ್ಲುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಕ್ಕೆ ಹಿಡಿಯುವುದಿಲ್ಲ, ಪ್ರೊಪೆಲರ್ ಶಾಫ್ಟಿಗೆ ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಡಿಫರೆನ್ಷಿಯಲ್ಲು ಆ ಚಕ್ರವನ್ನು ತಿರುಗಲು ಬಿಡುತ್ತದೆ. ನೆಲದಲ್ಲಿರುವ ಇನ್ನೊಂದು ಚಕ್ರಕ್ಕೂ ಆಗ ಹಿಡಿತ ಇಲ್ಲ. ಗೇರಿನಲ್ಲಿ ಇಟ್ಟರೂ ಅಷ್ಟೇ. ಹ್ಯಾಂಡ್‌ಬ್ರೇಕು ಎಳೆದಿದ್ದೇನೆ ಅಂತ ಧೈರ್ಯದಲ್ಲಿ ಅಡಿಗೆ ಹೋದವನ ಮೇಲೆ ಜೀಪು ಉರುಳಿ ಬರುತ್ತದೆ. ಮುಂದಿನ ಚಕ್ರಗಳಿಗೆ ಅಡೆ ಕೊಡದೆ ಹಿಂದೆ ಎತ್ತಬಾರದು. ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡು, ಇಲ್ಲದಿದ್ದರೆ ಗಟ್ಟಿ ಮರದ ದಿಮ್ಮಿ ಅಡ್ಡಡ್ಡ ಪೇರಿಸಿ. ಸಿಮೆಂಟಿನ ಟೊಳ್ಳು ಇಟ್ಟಿಗೆ ಇಡಲೇಬಾರದು, ಅದು ಬಿರುಕು ತೋರಿಸದೆ ಪುಡಿಯಾಗುತ್ತದೆ. ಜಾಕಿ ಒಂದರ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಕೊಡಬಾರದು, ಬಿದ್ದ ಸ್ಪ್ಯಾನರು ತೆಗೆಯಲಿಕ್ಕೂ.

ಬೆಳೆಗಾರ: ಯೂ ಬೋಲ್ಟು ಹಳೆಯದೇ ಸಾಕಾ?

ಮೆಕ್ಯಾನಿಕ್: ಹೊಸದು ತನ್ನಿ. ಒಮ್ಮೆ ಬಿಗಿದ ಯೂ ಬೋಲ್ಟಿನ ಮರೆ ಎಳೆದುಕೊಂಡಿರುತ್ತದೆ. ಆಕ್ಸಲನ್ನು ಪ್ಲೇಟಿಗೆ ಹಿಡಿದಿರುವುದೇ ಅದು, ಅಲ್ಲಿ ನೂರಿನ್ನೂರು ರೂಪಾಯಿ ಉಳಿಸಬೇಡಿ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಗುಳಿಯಲ್ಲಿ ಸರಿಯಾಗಿ ಕೂತ ಮೇಲೆ ನಾಲ್ಕು ನಟ್ಟನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ, ಟಾರ್ಕ್ ರೆಂಚು ನಾನು ತರುತ್ತೇನೆ. ಮೂಡಿಗೆರೆಗೆ ಕೆಲವು ಸಲ ಹೋಗಿ ಬಂದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಹೊಸ ಪ್ಲೇಟು ಕೂತುಕೊಳ್ಳುವಾಗ ಸಡಿಲವಾಗಿಯೇ ಆಗುತ್ತದೆ.

ಕೆಲಸದಾಕೆ: ಬಿಚ್ಚಿದ ಹಳೇದನ್ನು ಎಲ್ಲಿ ಹಾಕುತ್ತೀರಿ? ಹಿಂದೊಂದು ಸಲ ಯಾರೋ ಜೀಪಿನ ಎಣ್ಣೆ ಹಳ್ಳಕ್ಕೆ ಚೆಲ್ಲಿ, ಎರಡು ದಿನ ನೀರಿನ ಮೇಲೆ ಬಣ್ಣ ಬಣ್ಣ ತೇಲುತ್ತಿತ್ತು. ನಾವು ಕುಡಿಯುವುದೂ ಅದೇ ನೀರು.

ಮೆಕ್ಯಾನಿಕ್: ನೀವು ಹೇಳಿದ್ದು ಒಳ್ಳೆಯದಾಯಿತು. ಹೇಮಾವತಿ ಹುಟ್ಟುವುದೇ ನಮ್ಮ ತಾಲ್ಲೂಕಿನ ಜಾವಳಿಯಲ್ಲಿ. ಇಲ್ಲಿ ಹಳ್ಳಕ್ಕೆ ಚೆಲ್ಲಿದ್ದು ಗೊರೂರಿನ ಅಣೆಕಟ್ಟೆಯ ತನಕ ದಾರಿ ಹುಡುಕಿಕೊಂಡು ಹೋಗುತ್ತದೆ. ಹಳೇ ಶಾಕನ್ನು ಕೊಯ್ಯಬೇಡಿ, ಬೆಂಕಿಗೆ ಹಾಕಬೇಡಿ, ಒಳಗೆ ಒತ್ತಡದಲ್ಲಿ ಅನಿಲ ಇರಬಹುದು. ಸೋರುತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ. ನಾನು ಹೋಗುವಾಗ ಒಯ್ದು ಹಳೇ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ.

ಬೆಳೆಗಾರ: ಇಷ್ಟೆಲ್ಲ ಮಾಡಿದ ಮೇಲೆ ಹಿಂದೆ ಎಷ್ಟು ಜನ ಕೂರಬಹುದು? ಕೊಯ್ಲಿನಲ್ಲಿ ಒಂದೇ ಟ್ರಿಪ್ಪಿಗೆ ಎಲ್ಲರನ್ನೂ ತರುವುದು ಅಭ್ಯಾಸವಾಗಿಬಿಟ್ಟಿದೆ.

ಮೆಕ್ಯಾನಿಕ್: ಹೊಸ ಶಾಕು ಹಾಕಿದರೆ ಗಾಡಿಗೆ ಭಾರ ಹೊರುವ ಶಕ್ತಿ ಹೆಚ್ಚುವುದಿಲ್ಲ. ಅದು ಆಕ್ಸಲಿನದು, ಚಾಸಿಯದು, ಬ್ರೇಕಿನದು, ಟಯರಿನದು. ಆರ್‌ಸಿ ಪುಸ್ತಕದಲ್ಲಿ ಎಷ್ಟು ಸೀಟು ಬರೆದಿದೆಯೋ ಅಷ್ಟೇ. ಅದಕ್ಕಿಂತ ಹೆಚ್ಚು ಜನರನ್ನು ತುಂಬಿದರೆ ನಾನು ಈ ಕೆಲಸ ಮಾಡಿ ಕೊಟ್ಟದ್ದಕ್ಕೆ ಅರ್ಥವಿಲ್ಲ.

ಬೆಳೆಗಾರ: ಎರಡು ಟ್ರಿಪ್ಪು ಹೊಡೆಯಬೇಕಾಗುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಹೋಗುತ್ತದೆ, ಡೀಸೆಲ್ಲೂ ಹೋಗುತ್ತದೆ. ಆಗಲಿ, ಹೊಡೆಯುತ್ತೇನೆ.

ಕೆಲಸದಾಕೆ: ಮೊದಲ ಟ್ರಿಪ್ಪಿನಲ್ಲಿ ವಯಸ್ಸಾದವರು ಬರಲಿ. ಉಳಿದವರು ಜೀಪು ಹತ್ತುವಲ್ಲೇ ಕಾಯುತ್ತೇವೆ, ಅರ್ಧ ಗಂಟೆ ಕಾದರೆ ನಮಗೇನೂ ಆಗುವುದಿಲ್ಲ. ಈ ಮಾತು ಪಕ್ಕದ ತೋಟದವರಿಗೂ ಹೇಳಿ ಅಣ್ಣಾ. ಅವರ ಜೀಪಿನಲ್ಲೂ ನಮ್ಮವರೇ ಕೂರುವುದು.